ಆರನೆಯ ಪುಟಕ್ಕೆ ಬರೆದ ಬೆಳಕು

ಅನುದಾನದ ಅರ್ಜಿಯಲ್ಲಿ ಆರನೆಯ ಪುಟ ಬರೆಯುವ ಮೊದಲು ಊರಿನ ಮನೆಗಳಿಗೆ ಹೋಗಿ ಕೇಳಿ ಬರಬೇಕು. ನಮ್ಮಲ್ಲಿ ಅದು ಮೊದಲಿನಿಂದ ಬಂದದ್ದು. ಆ ಪುಟದ ತಲೆಯ ಮೇಲೆ ‘ಸಂಸ್ಥೆಯಲ್ಲಿ ಲಭ್ಯವಿರುವ ಸೌಲಭ್ಯಗಳು’ ಎಂದಿರುತ್ತದೆ. ಅಲ್ಲಿ ಏನು ಬರೆದು ಅರಗಿನ ಮುದ್ರೆ ಒತ್ತಿದರೂ ಮೂರನೆಯ ದಿನ ಬೆಳಗಾಗುವ ಹೊತ್ತಿಗೆ ಅದು ಸಂಸ್ಥೆಯಲ್ಲಿರುತ್ತದೆ. ಅಲ್ಲಿಯವರೆಗೆ ಊರಿನಲ್ಲಿ ಯಾರ ಮನೆಯಲ್ಲಿತ್ತೋ ಅವರ ಮನೆಯಲ್ಲಿರುವುದಿಲ್ಲ. ಮೂರು ವರ್ಷ ತುಂಬಿದ ದಿನ ತಾನಾಗಿ ಹಿಂದಕ್ಕೆ ಹೋಗುತ್ತದೆ.

ಇದಕ್ಕೆ ಯಾರೂ ಹೆದರುವುದಿಲ್ಲ. ಅಕ್ಕಸಾಲಿ ಮೌನೇಶಾಚಾರ್ಯರ ತಕ್ಕಡಿ ನಮ್ಮ ಕೇಂದ್ರಕ್ಕೆ ಬಂದಾಗ ಅವರು ದಿನಾ ಮಧ್ಯಾಹ್ನ ಚಿನ್ನದ ಪೊಟ್ಟಣ ಹಿಡಿದು ನಮ್ಮಲ್ಲಿಗೇ ಬಂದು ತೂಗಿ, ಚಹಾ ಕುಡಿದು, ‘ನಿಮ್ಮ ಚಹಾಕ್ಕೆ ಸಕ್ಕರೆ ನನ್ನ ತಕ್ಕಡಿಯಲ್ಲಿ ತೂಗಿ ಹಾಕ್ತೀರೇನೋ, ಒಂದು ಗುಂಜಿ ತೂಕಾನೂ ಜಾಸ್ತಿ ಇರಲ್ಲ’ ಅಂತ ಹಂಗಿಸಿ ಹೋಗುತ್ತಿದ್ದರು. ಪ್ರೌಢಶಾಲೆಯವರು ಒಮ್ಮೆ ‘ಶಿಸ್ತಿನ ವಾತಾವರಣ’ ಎಂದು ಬರೆದರು. ಅದು ಪೋಸ್ಟ್ ಮಾಸ್ತರರ ಮನೆಯಿಂದ ಹೋಯಿತು. ಅವರ ಐದು ಮಕ್ಕಳು ಮೂರು ವರ್ಷ ಹೇಗೆ ಕಳೆದರೆಂದು ಆ ಬೀದಿಯವರು ಈಗಲೂ ನಗುತ್ತಾ ಹೇಳುತ್ತಾರೆ. ಆದರೆ ಅವರನ್ನು ಕೇಳಿದ್ದರು. ಪೋಸ್ಟ್ ಮಾಸ್ತರರ ಹೆಂಡತಿ ತಾನೇ ‘ಬರೀರಿ ಬರೀರಿ’ ಅಂದಿದ್ದಳಂತೆ.

ನಮ್ಮದು ಬಣ್ಣದ ಸಂಶೋಧನಾ ಕೇಂದ್ರ. ಬೇರು, ತೊಗಟೆ, ದಾಳಿಂಬೆ ಸಿಪ್ಪೆ, ನೀಲಿ ಸೊಪ್ಪು ಇವುಗಳಿಂದ ಬಣ್ಣ ತೆಗೆದು, ನೂಲಿಗೆ ಅದ್ದಿ, ಎಷ್ಟು ವರ್ಷ ಮಾಸದೆ ಉಳಿಯುತ್ತದೆಂದು ನೋಡುವ ಹನ್ನೊಂದು ಮಂದಿಯ ಜಾಗ. ನಾನು ಅಲ್ಲಿ ಆರನೆಯ ಪುಟ ಬರೆಯುವವಳು. ಈ ಕೆಲಸ ನನಗೆ ಕಲಿಸಿದವರು ನನಗಿಂತ ಮೊದಲು ಬರೆಯುತ್ತಿದ್ದ ಅಲಮೇಲಮ್ಮನವರು. ‘ಬಿಸಿಲಿರುವಾಗ ಹೋಗು ವಾರಿಜಾ. ಚಪ್ಪಲಿ ಹೊರಗೆ ಬಿಡು. ಕೂತುಕೋ. ಏನು ಬರೀತೀಯೋ ಓದಿ ಹೇಳು. ಅವರ ಬಾಯಲ್ಲೇ ಬರಿ ಅನ್ನೋದು ಬರಬೇಕು. ಗಂಡ ಹೇಳಿದ, ಅತ್ತೆ ಹೇಳಿದಳು ಅಂತ ಗುರುತು ಹಾಕಬೇಡ’ ಎಂದು ಹೇಳಿ, ಹಸಿರು ರಟ್ಟಿನ ಪುಸ್ತಕವನ್ನು ನನ್ನ ಕೈಗೆ ಕೊಟ್ಟಿದ್ದರು. ಅದರಲ್ಲಿ ಮನೆಯ ಹೆಸರು, ವಸ್ತುವಿನ ಹೆಸರು, ಪಕ್ಕದಲ್ಲಿ ಒಂದು ಕೆಂಪು ಗುರುತು. ಇಪ್ಪತ್ತಾರು ವರ್ಷದಲ್ಲಿ ನಾನು ಹಾಕಿದ ಗುರುತುಗಳೆಲ್ಲ ನಿಜ, ಒಂದನ್ನು ಬಿಟ್ಟು.

ಆ ಒಂದರ ಬಗ್ಗೆ ಹೇಳಬೇಕಾದರೆ ನನ್ನ ಅಕ್ಕನ ಬಗ್ಗೆ ಹೇಳಬೇಕು.

ಅಕ್ಕನ ಹೆಸರು ಮಂದಾಕಿನಿ. ಊರಿಗೆಲ್ಲ ಮಂದಕ್ಕ. ಒಂಬತ್ತನೆಯ ವಯಸ್ಸಿನಲ್ಲಿ ಬಂದ ಜ್ವರ ಅವಳ ಎರಡು ಕಿವಿಗಳನ್ನೂ ತೆಗೆದುಕೊಂಡು ಹೋಯಿತು. ಅಮ್ಮ ಅಳುತ್ತಾ ಕೂರಲಿಲ್ಲ. ಮಹಡಿ ಕೋಣೆಯ ಉತ್ತರ ದಿಕ್ಕಿನ ಕಿಟಕಿಯ ಹತ್ತಿರ ಒಂದು ಕನ್ನಡಿ ಇಟ್ಟು, ಅಕ್ಕನನ್ನು ಒಂದು ಬದಿಗೆ, ನನ್ನನ್ನು ಇನ್ನೊಂದು ಬದಿಗೆ ಕೂರಿಸಿ, ದನಿ ಹೊರಡಿಸದೆ ತುಟಿಯಲ್ಲಷ್ಟೇ ಮಾತಾಡುವುದನ್ನು ಕಲಿಸಿದಳು. ಆ ಕಿಟಕಿಗೆ ಎದುರಾಗಿ ಪಕ್ಕದ ಮನೆಯ ಸುಣ್ಣ ಬಳಿದ ಗೋಡೆ ಇತ್ತು. ಬಿಸಿಲು ಒಳಗೆ ಬೀಳುತ್ತಿರಲಿಲ್ಲ. ಬೆಳಿಗ್ಗೆಯಿಂದ ಸಂಜೆ ನಾಲ್ಕರವರೆಗೆ ಒಂದೇ ಸಮನಾದ, ನೆರಳು ಹೊರಳದ ಬೆಳಕು. ಆ ಬೆಳಕಿನಲ್ಲಿ ಕೂತವರ ತುಟಿಯ ಒಂದು ಗೆರೆಯೂ ಅಕ್ಕನಿಗೆ ತಪ್ಪುತ್ತಿರಲಿಲ್ಲ. ಬೇರೆ ಕಡೆ ಅವಳಿಗೆ ಅರ್ಧ ಮಾತು ಸಿಕ್ಕಿದರೆ ಹೆಚ್ಚು. ಇಲ್ಲಿ ಮಾತ್ರ ಪೂರ್ತಿ.

ಅಮ್ಮ ಹೋದ ಮೇಲೂ ಅಕ್ಕ ಆ ಮನೆಯಲ್ಲೇ ಉಳಿದಳು. ಆ ಕಿಟಕಿಯ ಕೆಳಗೆ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ ಹೊಲಿಯತೊಡಗಿದಳು. ಅವಳ ಹೊಲಿಗೆ ಚೆನ್ನಾಗಿತ್ತು, ಸುಳ್ಳಲ್ಲ. ಆದರೆ ಹೆಂಗಸರು ಅವಳ ಹತ್ತಿರ ಬರುತ್ತಿದ್ದದ್ದು ರವಿಕೆಗಲ್ಲ. ಕಿಟಕಿಗೆ ಮುಖ ಕೊಟ್ಟು ಕೂತು ದನಿಯೇ ಇಲ್ಲದೆ ಮಾತಾಡಬಹುದಿತ್ತು. ಕೆಳಗೆ ಜಗಲಿಯ ಮೇಲೆ ಕಾಯುತ್ತಾ ಕೂತ ಅತ್ತೆಗೆ, ನಾದಿನಿಗೆ ಯಂತ್ರದ ಸದ್ದೊಂದೇ ಕೇಳುತ್ತಿತ್ತು. ‘ಒಂದು ರವಿಕೆ ಅಳತೆಗೆ ಒಂದು ಗಂಟೆ ಬೇಕೇನಮ್ಮ? ನಿನ್ನ ತೋಳೇನು ಆನೆ ಸೊಂಡಿಲೇ?’ ಎಂದು ಅತ್ತೆಯರು ಗೊಣಗುತ್ತಿದ್ದರು. ಮೇಲಿನಿಂದ ಇಳಿದು ಬರುವ ಹೆಂಗಸಿನ ಮುಖ ತೊಳೆದಿಟ್ಟ ಹಾಗಿರುತ್ತಿತ್ತು. ನಾನೂ ಒಮ್ಮೆ, ಮದುವೆಯಾದ ಆರನೆಯ ವರ್ಷದಲ್ಲಿ, ಆ ಕಿಟಕಿಗೆ ಮುಖ ಕೊಟ್ಟು ಕೂತು ಒಂದು ಮಾತು ಹೇಳಿದ್ದೆ. ಏನೆಂದು ಇಲ್ಲಿ ಬರೆಯುವುದಿಲ್ಲ. ಅಕ್ಕನೂ ಇವತ್ತಿನವರೆಗೆ ಅದನ್ನು ಎತ್ತಿಲ್ಲ.

ಆ ವರ್ಷದ ಅರ್ಜಿ ದೊಡ್ಡದು. ಆ ಅನುದಾನ ಬರದಿದ್ದರೆ ಕೇಂದ್ರಕ್ಕೆ ಬೀಗ ಎಂದು ಮೇಲಿನಿಂದ ಕಾಗದ ಬಂದಿತ್ತು. ನಾನು ಹದಿನೈದು ದಿನ ಮನೆಮನೆ ಅಲೆದು ಕೇಳಿ ಬಂದಿದ್ದೆ. ಮರುದಿನ ಬೆಳಿಗ್ಗೆ ಹತ್ತಕ್ಕೆ ಮುದ್ರೆ ಒತ್ತಬೇಕು. ಹಿಂದಿನ ಸಂಜೆ ನಾಲ್ಕರ ಮೇಲೆ ನಮ್ಮ ನಿರ್ದೇಶಕರು, ನಿರಂಜನಮೂರ್ತಿಯವರು, ಕರಡು ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದರು.

‘ವಾರಿಜಮ್ಮ, ಎಲ್ಲ ಇದೆ, ಬೆಳಕೊಂದಿಲ್ಲ’ ಎಂದರು. ‘ಎರಡು ಕೆಂಪನ್ನು ಪಕ್ಕಪಕ್ಕ ಇಟ್ಟು ನೋಡೋಕೆ ಸರಿಯಾದ ಬೆಳಕಿಲ್ಲದ ಬಣ್ಣದ ಕೇಂದ್ರ ಯಾವ ಸೀಮೆಯದು ಅಂತ ಕೇಳ್ತಾರೆ. ಕಳೆದ ಸಲದ ಅರ್ಜಿ ಅದಕ್ಕೇ ಬಿದ್ದು ಹೋಯಿತು. ಒಂದು ಸಾಲು ಸೇರಿಸಿಬಿಡಿ. ಉತ್ತರ ದಿಕ್ಕಿನದು, ನೆರಳು ಹೊರಳದ್ದು.’

‘ಯಾರ ಮನೆಯದು ಸರ್?’ ಎಂದೆ. ಕೇಳುವಾಗಲೇ ನನಗೆ ಗೊತ್ತಿತ್ತು. ಊರಿನಲ್ಲಿ ಅಂಥದ್ದು ಇದ್ದದ್ದು ಒಂದೇ.

‘ಅದು ನಿಮಗೆ ಬಿಟ್ಟದ್ದು. ಕೇಳಿ ಬರೆಯಿರಿ’ ಎಂದು ಹೋದರು. ಅವರ ತಪ್ಪು ಏನೂ ಇಲ್ಲ.

ನಾಲ್ಕು ದಾಟಿತ್ತು. ಈಗ ಹೋದರೆ ಕಿಟಕಿಯ ಬೆಳಕು ಇಳಿದಿರುತ್ತದೆ, ಅಕ್ಕನಿಗೆ ಮಾತು ಸಿಕ್ಕುವುದಿಲ್ಲ ಎಂದುಕೊಂಡೆ. ಬೆಳಿಗ್ಗೆ ಎಂಟಕ್ಕೆ ಹೋಗಬಹುದಿತ್ತು. ಎಂಟಕ್ಕೆ ನಾನು ಕೆಲಸವಿಲ್ಲದಿದ್ದರೂ ಮನೆಯಲ್ಲಿ ಸಾರಿನ ಪುಡಿಯ ಡಬ್ಬಿ ತೊಳೆಯುತ್ತಾ ನಿಂತಿದ್ದೆ. ಅಕ್ಕನನ್ನು ಕೇಳದೆ ಇರುವುದು ನಮ್ಮ ಮನೆಯಲ್ಲಿ ಹೊಸದಲ್ಲ. ಅವಳ ಎದುರು ಕೂತು, ನಿಧಾನವಾಗಿ, ಒಂದೊಂದೇ ಮಾತನ್ನು ಬಿಡಿಸಿ ಹೇಳಬೇಕು. ಅಷ್ಟು ಪುರುಸೊತ್ತು ಯಾರಿಗಿದೆ ಎಂದು ಅಪ್ಪ ತನ್ನ ಕಾಲದಲ್ಲಿ, ಅಣ್ಣ ತನ್ನ ಕಾಲದಲ್ಲಿ ಅವಳನ್ನು ಕೇಳದೆಯೇ ಎಲ್ಲ ತೀರ್ಮಾನ ಮಾಡಿದ್ದರು. ನಾನು ಹಾಗಲ್ಲ ಎಂದು ನನಗೊಂದು ಹೆಮ್ಮೆಯಿತ್ತು. ಹತ್ತಕ್ಕೆ ಐದು ನಿಮಿಷ ಇರುವಾಗ ಹಸಿರು ಪುಸ್ತಕದಲ್ಲಿ ‘ಮಂದಾಕಿನಿ, ಮಹಡಿ ಕೋಣೆ, ಬೆಳಕು’ ಎಂದು ಬರೆದು ಕೆಂಪು ಗುರುತು ಹಾಕಿದೆ. ಅರಗು ಕರಗಿಸಿದ್ದೂ ನಾನೇ.

ಮೂರನೆಯ ದಿನ ಕೇಂದ್ರಕ್ಕೆ ಹೋದಾಗ ಎಲ್ಲರೂ ದೊಡ್ಡ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಆ ಕೋಣೆಗೆ ಇದ್ದದ್ದು ಪಶ್ಚಿಮದ ಎರಡು ಕಿಂಡಿ, ಅಷ್ಟೆ. ಈಗ ಅದರ ತುಂಬ ನಮ್ಮ ಮಹಡಿಯ ಬೆಳಕು ನಿಂತಿತ್ತು. ಎಲ್ಲಿಂದ ಬೀಳುತ್ತಿದೆ ಎಂದು ಹೇಳಲಾಗದ, ಸದ್ದಿಲ್ಲದ ಬೆಳಕು. ಹಗ್ಗದ ಮೇಲೆ ಒಣಗುತ್ತಿದ್ದ ಹದಿನಾರು ಕೆಂಪು ನೂಲಿನ ಲಡಿಗಳು ಹದಿನಾರು ಬೇರೆ ಬೇರೆ ಕೆಂಪಾಗಿ ಕಂಡವು. ನಿರ್ದೇಶಕರು ಚಿಕ್ಕ ಹುಡುಗನ ಹಾಗೆ ಒಂದೊಂದನ್ನೇ ಮುಟ್ಟಿ ನೋಡುತ್ತಿದ್ದರು. ಬೆಳಕಿನ ಜೊತೆಗೆ ಒಂದಿಷ್ಟು ಹತ್ತಿಯ ಎಳೆಗಳೂ ಬಂದು ಗಾಳಿಯಲ್ಲಿ ತೇಲುತ್ತಿದ್ದವು. ಅವು ಅಕ್ಕನ ಯಂತ್ರದವು.

ಕೋಣೆಯ ಆ ತುದಿಯಲ್ಲಿ ನೂಲು ಅದ್ದುವ ಸುಂದ್ರಮ್ಮ ಪಕ್ಕದವಳಿಗೆ ಏನೋ ಹೇಳಿದಳು. ದನಿ ಇರಲಿಲ್ಲ. ಅಕ್ಕನ ಹತ್ತಿರ ಹೊಲಿಸಿದ ಹೆಂಗಸರಿಗೆಲ್ಲ ಆ ಅಭ್ಯಾಸ ಇದೆ. ನನಗೂ ಚಿಕ್ಕಂದಿನಿಂದ ಅದು ಗೊತ್ತು ಎಂಬುದನ್ನು ಅವಳು ಮರೆತಿದ್ದಳು, ಅಥವಾ ಮರೆತಿರಲಿಲ್ಲ. ಆ ಬೆಳಕಿನಲ್ಲಿ ಅವಳ ತುಟಿ ಅಚ್ಚಿನ ಅಕ್ಷರದಂತಿತ್ತು.

‘ಇದು ಮಂದಕ್ಕನ ಬೆಳಕು ಕಣೇ. ಅವಳು ಬರಿ ಅಂದಿರ್ತಾಳಾ?’

ನಾನು ತಲೆ ತಗ್ಗಿಸಿದೆ. ತಗ್ಗಿಸಿದಾಗ ನನ್ನ ಕೈಗಳು ಕಂಡವು. ಬೆರಳ ಸಂದಿಯಲ್ಲಿ ಅರಗಿನ ಕಲೆ ಇನ್ನೂ ಇತ್ತು.

ಅಂದು ಮಧ್ಯಾಹ್ನ ಅಕ್ಕನ ಮನೆಗೆ ಹೋದೆ. ಹೊರಗೆ ಬಿಸಿಲು ರಣಗುಡುತ್ತಿತ್ತು. ಮಹಡಿ ಕೋಣೆಯೊಳಗೆ ಮಾತ್ರ ದೀಪ ಹಚ್ಚುವ ಹೊತ್ತಿನ ಮಬ್ಬು. ಕಿಟಕಿ ಅಲ್ಲೇ ಇತ್ತು, ಸುಣ್ಣದ ಗೋಡೆಯೂ ಅಲ್ಲೇ ಇತ್ತು. ನಡುವೆ ಇರಬೇಕಾದದ್ದು ಇರಲಿಲ್ಲ. ಅಕ್ಕ ಯಂತ್ರವನ್ನು ಬಾಗಿಲ ಕಡೆಗೆ ಎಳೆದುಕೊಂಡು, ಸೂಜಿಗೆ ದಾರ ಪೋಣಿಸಲು ಹೆಣಗುತ್ತಿದ್ದಳು. ಎದುರಿನ ಮಣೆ ಖಾಲಿಯಿತ್ತು.

‘ಬಾ ವಾರಿ’ ಎಂದಳು. ಅವಳ ದನಿ ಯಾವಾಗಲೂ ಸ್ವಲ್ಪ ಜೋರು. ‘ನೋಡಿದೆಯಾ ಕಿಟಕಿಗೆ ಏನಾಗಿದೆ? ಯಾರೋ ಬರೆದಿದಾರೆ. ಆ ಹಾಲಿನ ಸೊಸೈಟಿಯವರೋ, ಸ್ಕೂಲಿನವರೋ. ನನ್ನನ್ನ ಒಂದು ಮಾತು ಕೇಳಲಿಲ್ಲ. ಬೆಳಿಗ್ಗೆಯಿಂದ ಮೂರು ಜನ ಬಂದು ಹೋದರು. ಗೌಡರ ಸೊಸೆ ಇಲ್ಲಿ ಕೂತು ಏನೋ ಹೇಳ್ತಾ ಇದ್ದಳು, ಅಳ್ತಾನೂ ಇದ್ದಳು ಅನ್ಸುತ್ತೆ. ನನಗೆ ಏನೂ ಕಾಣಲಿಲ್ಲ. ಹೂಂ ಅಂದುಬಿಟ್ಟೆ. ಅವಳಿಗೆ ಗೊತ್ತಾಯ್ತು, ಎದ್ದು ಹೋದಳು.’ ಸೂಜಿಯನ್ನು ಕೆಳಗಿಟ್ಟಳು. ‘ನಿನ್ನ ಪುಸ್ತಕದಲ್ಲಿ ಇದೆಯಾ ನೋಡು. ಬೇರೆ ಕಚೇರಿಗಳ ಪುಸ್ತಕಾನೂ ನಿನಗೆ ತೋರಿಸ್ತಾರಲ್ಲ. ಯಾರದು ಅಂತ ಗೊತ್ತಾದರೆ ತಪಾಸಣೆ ದಿನ ಹೋಗಿ, ನನ್ನನ್ನ ಕೇಳಿಲ್ಲ ಅಂತ ಹೇಳಿ ಬರ್ತೀನಿ. ಆ ಪುಟಾನೇ ಹೊಡೆದು ಹಾಕ್ತಾರೆ. ಸಂಜೆಯೊಳಗೆ ವಾಪಸ್ ಬರುತ್ತೆ.’

ನಾನು ಅವಳ ಎದುರಿನ ಮಣೆಯ ಮೇಲೆ ಕೂತೆ. ಕಿಟಕಿಗೆ ಮುಖ ಕೊಟ್ಟೆ, ಮೊದಲಿನಂತೆಯೇ. ‘ನಾನೇ ಅಕ್ಕ’ ಎಂದೆ. ದನಿ ತೆಗೆಯದೆ, ತುಟಿಯಲ್ಲಿ.

‘ಏನಂದೆ?’ ಅಕ್ಕ ಮುಂದಕ್ಕೆ ಬಾಗಿದಳು. ‘ಕಾಣಲ್ಲ ಕಣೇ. ಬಾಗಿಲ ಹತ್ತಿರ ಬಾ.’

ಬಾಗಿಲ ಹತ್ತಿರ ಬೆಳಕಿತ್ತು. ಎದ್ದು ಅಲ್ಲಿಗೆ ಹೋದೆ. ಅವಳು ನನ್ನ ಬಾಯನ್ನೇ ನೋಡುತ್ತಾ ನಿಂತಳು, ಅಮ್ಮನ ಕನ್ನಡಿಯಲ್ಲಿ ನೋಡುತ್ತಿದ್ದ ಹಾಗೆ, ಪೂರ್ತಿ ನಂಬಿಕೆಯಿಟ್ಟು.

‘ನೋಡ್ತೀನಿ ಅಂದೆ’ ಎಂದೆ.

ಅವಳಿಗೆ ಕಾಣದ ಜಾಗದಲ್ಲಿ ನಿಜ ಹೇಳಿ, ಕಾಣುವ ಜಾಗಕ್ಕೆ ಬಂದು ಸುಳ್ಳು ಹೇಳಿದೆ. ಅದಾದ ಮೇಲೆ ಇಪ್ಪತ್ತು ದಿನ ಆ ಬೀದಿಯಲ್ಲಿ ನಾನು ನಡೆಯಲಿಲ್ಲ. ತರಕಾರಿಗೆ ಸುತ್ತು ಹಾಕಿಕೊಂಡು ಹೋಗುತ್ತಿದ್ದೆ.

ತಪಾಸಣೆಗೆ ಬಂದವರು ಒಬ್ಬ ಹೆಂಗಸು. ಕನ್ನಡಕದ ದಾರ ಕೊರಳಲ್ಲಿ ಇಳಿಬಿಟ್ಟುಕೊಂಡ, ಹೆಚ್ಚು ಮಾತಿಲ್ಲದ ಅಧಿಕಾರಿ. ಪದ್ಧತಿಯಂತೆ ಹಸಿರು ಪುಸ್ತಕ ತೆರೆದು, ಕಣ್ಣು ಮುಚ್ಚಿಕೊಂಡು ಒಂದು ಗುರುತಿನ ಮೇಲೆ ಬೆರಳಿಡುತ್ತಾರೆ. ಆ ಮನೆಯವರನ್ನು ಕರೆಸಿ ಕೇಳುತ್ತಾರೆ. ಒಂದು ಗುರುತು ಸುಳ್ಳಾದರೂ ಸಾಕು, ಇಡೀ ಪುಟ ರದ್ದು, ಅರ್ಜಿ ರದ್ದು. ಆ ವರ್ಷದ್ದೇ ಎಂಬತ್ತು ಗುರುತುಗಳಿದ್ದವು. ಅವರು ಕಣ್ಣು ಮುಚ್ಚಲೇ ಇಲ್ಲ. ಕೋಣೆಯ ಬೆಳಕನ್ನು ಒಂದು ಗಳಿಗೆ ನೋಡಿ, ‘ಇದನ್ನ ಕೊಟ್ಟವರನ್ನ ನೋಡಬೇಕು’ ಎಂದರು.

ಆಗ ನಾನು ಹೇಳಬಹುದಿತ್ತು. ಗುರುತು ಹಾಕಿದವಳು ನಾನು, ಕೇಳಿರಲಿಲ್ಲ, ಹೊಡೆದು ಹಾಕಿ ಎಂದು. ಬಾಯಿ ತೆರೆದೆ. ನಿರಂಜನಮೂರ್ತಿಯವರು ‘ವಾರಿಜಮ್ಮನೋರ ಅಕ್ಕನೇ ಮೇಡಂ, ಮನೆಯವರೇ’ ಎಂದು ಹೆಮ್ಮೆಯಿಂದ ಹೇಳಿ, ಜೀಪು ಕಳಿಸಿಬಿಟ್ಟರು.

ಅಕ್ಕ ಒಳ್ಳೆಯ ಸೀರೆ ಉಟ್ಟು ಬಂದಳು. ಬಾಗಿಲು ದಾಟಿ ಕೋಣೆಯೊಳಗೆ ಕಾಲಿಟ್ಟವಳು ಹಾಗೆಯೇ ನಿಂತಳು. ತನ್ನ ಬೆಳಕನ್ನು ಗುರುತಿಸಲು ಅವಳಿಗೆ ಹೊತ್ತು ಬೇಕಾಗಲಿಲ್ಲ. ಒಂದು ಹತ್ತಿಯ ಎಳೆ ಅವಳ ಮುಂದೆ ತೇಲುತ್ತಾ ಹೋಯಿತು. ಅದನ್ನು ಬೆರಳಲ್ಲಿ ಹಿಡಿದಳು. ಆಮೇಲೆ ನಮ್ಮ ಮುಖಗಳನ್ನು ಒಂದೊಂದಾಗಿ ನೋಡುತ್ತಾ ಬಂದಳು. ಇಪ್ಪತ್ತು ದಿನ ಯಾರ ಮಾತೂ ಸರಿಯಾಗಿ ಸಿಕ್ಕದೆ ಇದ್ದವಳು. ಹಸಿದು ಊಟಕ್ಕೆ ಕೂತವರ ಹಾಗೆ ನೋಡಿದಳು. ಕೊನೆಗೆ ನನ್ನ ಮುಖಕ್ಕೆ ಬಂದಳು.

‘ಈ ಬೆಳಕು ನಿಮ್ಮದಾ ಅಮ್ಮ?’ ಅಧಿಕಾರಿ ಕೇಳಿದರು.

‘ನಂದು.’

‘ಬರೆಯೋ ಮೊದಲು ನಿಮ್ಮನ್ನ ಕೇಳಿದ್ದರಾ?’

ನಿರ್ದೇಶಕರು ನಡುವೆ ಏನೋ ಹೇಳಿದರು. ಅಕ್ಕ ಕೈಯೆತ್ತಿ, ‘ಸ್ವಲ್ಪ ಸುಮ್ಮನಿರಿ ಸಾರ್. ನಿಮ್ಮ ಮೀಸೆ ಮಾತಾಡೋದು ನನಗೆ ಗೊತ್ತಾಗಲ್ಲ’ ಎಂದಳು. ಎಲ್ಲರೂ ನಕ್ಕರು. ಅವಳು ನಗಲಿಲ್ಲ. ನನ್ನನ್ನು ನೋಡುತ್ತಲೇ ಇದ್ದಳು. ನನ್ನ ಹಿಂದೆ ಸುಂದ್ರಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಿಂತಿದ್ದಳು. ನೀಲಿ ಹತ್ತಿದ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ಉಳಿದವರೂ ನಿಂತಿದ್ದರು. ಅವರಲ್ಲಿ ನಾಲ್ವರು ಹೆಂಗಸರು ಅಕ್ಕನ ಮಣೆಯ ಮೇಲೆ ಕೂತು ಹೋದವರು. ಈ ಕೆಲಸ ಹೋದರೆ ಯಾರ ಮನೆಯಲ್ಲಿ ಏನಾಗುತ್ತದೆಂದು ನನಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು.

‘ಕೇಳಿದ್ದಳು’ ಎಂದಳು ಅಕ್ಕ. ‘ನನ್ನ ತಂಗಿ ಬಂದು, ಎದುರು ಕೂತು, ಕೇಳಿದಳು. ನಾನು ಬರಿ ಅಂದೆ.’

ಅಧಿಕಾರಿ ಪುಸ್ತಕ ಮುಚ್ಚಿದರು. ಅಲ್ಲಿದ್ದವರ ಉಸಿರು ಹೊರಗೆ ಬಂದದ್ದು ಕೇಳಿಸಿತು. ಅಕ್ಕನಿಗೆ ಅದು ಕೇಳಿಸದಿದ್ದರೂ ಕಂಡಿರಬೇಕು. ಸುಂದ್ರಮ್ಮ ಓಡಿ ಹೋಗಿ ಚಹಾ ತಂದಳು. ಅಕ್ಕ ಲೋಟ ಕೈಯಲ್ಲಿ ಹಿಡಿದು ನನ್ನ ಹತ್ತಿರ ಬಂದಳು. ದನಿ ತೆಗೆಯದೆ, ತುಟಿಯಲ್ಲಿ ಹೇಳಿದಳು.

‘ಅವತ್ತು ಮಬ್ಬಲ್ಲಿ ಏನಂದೆ ಅಂತ ನನಗೆ ಕಂಡಿರಲಿಲ್ಲ. ಬಾಗಿಲಿಗೆ ಬಂದಾಗ ನಿನ್ನ ಮುಖ ಕಂಡಿತ್ತು. ಆದರೂ ಬೇರೆ ಯಾರೋ ಇರಬೇಕು ಅಂದುಕೊಂಡೆ.’

ಅನುದಾನ ಬಂತು. ಊರಿನ ರೂಢಿಯಂತೆ ಅಕ್ಕನ ಹೊಲಿಗೆ ಯಂತ್ರವೂ ನಮ್ಮ ದೊಡ್ಡ ಕೋಣೆಯ ಮೂಲೆಗೆ ಬಂತು. ತಕ್ಕಡಿಗೆ ಮೌನೇಶಾಚಾರ್ಯರು ಬಂದ ಹಾಗೆ. ಬೆಳಿಗ್ಗೆ ಹತ್ತಕ್ಕೆ ಬರುತ್ತಾಳೆ, ನಾಲ್ಕಕ್ಕೆ ಹೋಗುತ್ತಾಳೆ. ಎಲ್ಲರೂ ಅವಳಿಗೆ ಎದ್ದು ಜಾಗ ಬಿಡುತ್ತಾರೆ, ಚಹಾ ಮೊದಲು ಅವಳಿಗೆ ಕೊಡುತ್ತಾರೆ. ಬೆಳಕು ಇದೆ, ಯಂತ್ರ ಇದೆ. ಹೆಂಗಸರು ಮಾತ್ರ ಬರುವುದಿಲ್ಲ. ರವಿಕೆ ಬಟ್ಟೆಯನ್ನು ಯಾರ ಕೈಯಲ್ಲೋ ಕಳಿಸುತ್ತಾರೆ, ಹಳೆಯ ರವಿಕೆಯನ್ನು ಅಳತೆಗೆ ಸುತ್ತಿ ಕೊಡುತ್ತಾರೆ. ಹನ್ನೊಂದು ಜನ ಓಡಾಡುವ ಕೋಣೆಯಲ್ಲಿ, ತುಟಿಯ ಒಂದೊಂದು ಗೆರೆಯೂ ಎಲ್ಲರಿಗೆ ಕಾಣುವ ಬೆಳಕಿನಲ್ಲಿ, ಯಾರು ಬಂದು ಏನು ಹೇಳಿಯಾರು? ಗೌಡರ ಸೊಸೆ ಅಂದು ಅಳುತ್ತಾ ಏನು ಹೇಳಿದಳೋ ಅಕ್ಕನಿಗೆ ಇನ್ನೂ ಗೊತ್ತಿಲ್ಲ. ಆ ಹುಡುಗಿ ಈಗ ಬೀದಿಯಲ್ಲಿ ಸಿಕ್ಕರೆ ತಲೆ ತಗ್ಗಿಸಿ ಹೋಗುತ್ತಾಳಂತೆ.

ಅಕ್ಕ ನನ್ನ ಜೊತೆ ಮಾತು ಬಿಟ್ಟಿಲ್ಲ. ‘ಚಹಾ ಆಯ್ತಾ’, ‘ಮಳೆ ಬರೋ ಹಾಗಿದೆ’ ಎಲ್ಲ ಆಗುತ್ತದೆ. ಅದಕ್ಕಿಂತ ಹೆಚ್ಚಿನದಕ್ಕೆ ನಾನು ಬಾಯಿ ತೆರೆದರೆ ಅವಳು ಕಣ್ಣನ್ನು ಸೂಜಿಯ ಮೇಲೆ ಇಳಿಸುತ್ತಾಳೆ. ಅವಳಿಗೆ ಕೇಳುವುದು ಬೇಡವೆಂದರೆ ಅಷ್ಟೇ ಸಾಕು. ಸಿಟ್ಟಿನಿಂದಲ್ಲ, ಮೆಲ್ಲಗೆ. ಬಾಗಿಲನ್ನು ಸದ್ದಾಗದಂತೆ ಮುಂದೆ ಮಾಡಿದ ಹಾಗೆ.

ಒಂದು ದಿನ ತಡೆಯಲಾರದೆ ನಾನು ಅವಳ ಎದುರು ನೆಲದ ಮೇಲೆ ಕೂತೆ. ಅವಳು ಕಣ್ಣಿಳಿಸಿದಳು. ಏನು ತೋಚಿತೋ, ದನಿ ತೆಗೆದು ಜೋರಾಗಿಯೇ ಹೇಳಿಬಿಟ್ಟೆ: ‘ನಾನು ಕೇಳಿರಲಿಲ್ಲ ಅಕ್ಕ. ಸುಳ್ಳು ಗುರುತು ಹಾಕಿದೆ.’ ಕೋಣೆಯಲ್ಲಿದ್ದ ಕೈಗಳೆಲ್ಲ ನಿಂತವು. ನಿರ್ದೇಶಕರು ಬಾಗಿಲಲ್ಲೇ ನಿಂತರು. ಎಲ್ಲರಿಗೂ ಕೇಳಿಸಿತು. ಯಾರ ಮುಖದಲ್ಲೂ ಆಶ್ಚರ್ಯ ಕಾಣಲಿಲ್ಲ. ಸುಂದ್ರಮ್ಮ ಮೆತ್ತಗೆ, ‘ಗೊತ್ತು ವಾರಿಜಕ್ಕ, ಏಳು ಮೇಲೆ’ ಎಂದಳು. ಅಷ್ಟು ದಿನ ನಾನು ಮುಚ್ಚಿಟ್ಟುಕೊಂಡಿದ್ದೇನೆ ಅಂದುಕೊಂಡದ್ದು ಅವರೆಲ್ಲರ ಮುಂದೆ ಬಿಚ್ಚಿಯೇ ಇತ್ತು. ನನ್ನ ಮುಖ ನೋಡಿ ಸುಮ್ಮನಿದ್ದರು, ಅಷ್ಟೆ. ಕೇಳಿಸಿಕೊಳ್ಳಬೇಕಾದವಳು ತೋಳಿನ ಅಂಚು ಮಡಿಸುತ್ತಿದ್ದಳು.

ಅಂಚು ಮುಗಿಯಿತು. ದಾರವನ್ನು ಹಲ್ಲಿನಿಂದ ಕಡಿದು ಅಕ್ಕ ತಲೆಯೆತ್ತಿದಳು. ಸುತ್ತ ನಿಂತವರ ಮುಖ ನೋಡಿ ಏನು ನಡೆಯಿತೆಂದು ತಿಳಿದುಕೊಂಡಳು. ನಾನು ಮತ್ತೆ ಹೇಳಲು ಹೋದೆ. ಅವಳು ತನ್ನ ಅಂಗೈಯನ್ನು ನನ್ನ ಬಾಯಿಗೆ ಅಡ್ಡ ಹಿಡಿದಳು.

‘ಇಲ್ಲಿ ಬೇಡ’ ಎಂದಳು. ‘ಇದು ವಾಪಸ್ ಬರಲಿ. ನನ್ನ ಕಿಟಕಿಯಲ್ಲಿ ಬಂದು ಕೂತು ಹೇಳು. ಎಲ್ಲರೂ ಅಲ್ಲೇ ಹೇಳಿದ್ದು. ನೀನೂ ಅಲ್ಲೇ ಹೇಳು.’

ಇನ್ನು ಹದಿನಾಲ್ಕು ತಿಂಗಳಿದೆ. ಹಸಿರು ಪುಸ್ತಕವನ್ನು ಸುಂದ್ರಮ್ಮನಿಗೆ ಕೊಟ್ಟಿದ್ದೇನೆ. ಮುಂದಿನ ಸಲ ಮನೆಮನೆಗೆ ಹೋಗುವವಳು ಅವಳು. ಅಮ್ಮನ ಹಳೆಯ ಕನ್ನಡಿ ನನ್ನ ಹತ್ತಿರ ಇದೆ. ದಿನಾ ಬೆಳಿಗ್ಗೆ ಅದರ ಮುಂದೆ ನಿಂತು ದನಿಯಿಲ್ಲದೆ ಹೇಳಿ ನೋಡಿಕೊಳ್ಳುತ್ತೇನೆ. ಹೇಳಬೇಕಾದದ್ದು ಎರಡೇ ಮಾತು. ನಾನು ಕೇಳಲಿಲ್ಲ ಎನ್ನುವುದು ಒಂದು. ಅದು ಈಗ ತುಟಿಯ ಮೇಲೆ ಸ್ಪಷ್ಟವಾಗಿ ಮೂಡುತ್ತದೆ, ಯಾರಾದರೂ ಓದಬಹುದು. ಇನ್ನೊಂದನ್ನು ನಾನು ಕೋಣೆಯಲ್ಲಿ ಅಷ್ಟು ಜೋರಾಗಿ ಒಪ್ಪಿಕೊಂಡಾಗಲೂ ಹೇಳಿರಲಿಲ್ಲ. ಹೊತ್ತಿರಲಿಲ್ಲ ಎಂದಲ್ಲ, ಬೆಳಕು ಇಳಿದಿತ್ತು ಎಂದಲ್ಲ. ಕೇಳಿದರೆ ನೀನು ಬೇಡ ಅನ್ನುತ್ತೀಯೆಂದು ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ.

ಅದನ್ನು ಹೇಳುವಾಗ ಕನ್ನಡಿಯಲ್ಲಿ ನನ್ನ ತುಟಿ ಇನ್ನೂ ಅಲುಗುವುದಿಲ್ಲ.